ವಿದ್ಯಾರ್ಥಿಯ ವೈಯಾವೃತ್ಯ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅಭ್ಯಂತರ ತಪಸ್ಸಿನ ಆರು ಭೇದಗಳನ್ನು ಹೇಳುತ್ತ, ಪ್ರಾಯಶ್ಚಿತ್ತ ಮತ್ತು ವಿನಯಗಳ ಅನಂತರ ವೈಯಾವೃತ್ಯವನ್ನು ಇರಿಸಿದ್ದಾರೆ. ಆ ಸೇವೆ ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಹತ್ತು ಬಗೆಯಾಗಿ ವಿಂಗಡಿಸಿದಲ್ಲಿ ಶೈಕ್ಷ್ಯ, ಗ್ಲಾನ ಎಂಬೆರಡು ಪದಗಳು ಅಕ್ಕಪಕ್ಕದಲ್ಲಿ ಬಂದಿವೆ. ಶೈಕ್ಷ್ಯನೆಂದರೆ ಕಲಿಯುತ್ತಿರುವವನು, ಗ್ಲಾನನೆಂದರೆ ರೋಗದಿಂದ ಬಳಲಿದವನು. ಸೂತ್ರಕಾರರ ದೃಷ್ಟಿ ಮುನಿಸಂಘದ ಮೇಲಿತ್ತು, ಇಬ್ಬರೂ ಅಲ್ಲಿ ಸೇವೆ ಪಡೆಯುವವರೇ ಎಂಬುದು ನಿಜ. ಆದರೆ ವೈಯಾವೃತ್ಯವು ಸಂಘದ ಗಡಿಯೊಳಗೇ ಉಳಿಯಲಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಇತರರು ಅತಿಥಿಸಂವಿಭಾಗವೆಂದು ಕರೆದ ಗೃಹಸ್ಥನ ಶಿಕ್ಷಾವ್ರತಕ್ಕೆ ವೈಯಾವೃತ್ಯವೆಂಬ ಹೆಸರನ್ನೇ ಕೊಟ್ಟು, ಆಹಾರದೊಡನೆ ಔಷಧವನ್ನೂ ಅದರಲ್ಲಿ ಸೇರಿಸಿದರು. ಔಷಧದಾನಕ್ಕೆ ಅವರು ದೃಷ್ಟಾಂತವಾಗಿ ಹೆಸರಿಸಿದುದು ವೃಷಭಸೇನೆ ಎಂಬ ಸ್ತ್ರೀಯನ್ನು.

ಕಲಿಯುವವನು ಸೇವೆ ಪಡೆಯುವುದರ ಬದಲು ಬಳಲಿದವನಿಗೆ ಸೇವೆ ಸಲ್ಲಿಸುವವನಾದರೆ ಹೇಗೆ? ಇಪ್ಪತ್ತನೆಯ ಶತಮಾನದ ವಿದ್ಯಾಸಂಸ್ಥೆಗಳು ಈ ಪ್ರಶ್ನೆಯನ್ನು ಬೇರೆ ಮಾತುಗಳಲ್ಲಿ ಎತ್ತಿದವು. ಕಾಲೇಜಿನ ಆವರಣದಲ್ಲಿ ಒಂದು ಆರೋಗ್ಯ ಕೇಂದ್ರ, ಅಲ್ಲಿಗೆ ಹೊತ್ತು ಗೊತ್ತುಮಾಡಿಕೊಂಡು ಬರುವ ವೈದ್ಯರು, ಅವರ ನೆರವಿಗೆ ಸಂಬಳವಿಲ್ಲದೆ ನಿಲ್ಲುವ ವಿದ್ಯಾರ್ಥಿಗಳು - ಈ ಏರ್ಪಾಡು ಇಂದು ಹಲವೆಡೆ ಕಾಣುತ್ತದೆ. ಅದರ ಹಿಂದಿರುವ ಚರಿತ್ರೆ ಮಾತ್ರ ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ವಸತಿನಿಲಯಗಳನ್ನೂ ಶಾಲಾ ಕಾಲೇಜುಗಳನ್ನೂ ನಡೆಸುವ ಬಸದಿಗಳ ಟ್ರಸ್ಟುಗಳು ಆ ಚರಿತ್ರೆಯನ್ನು ಅರಿತಿರುವುದು ಪ್ರಯೋಜನಕರ. ಏಕೆಂದರೆ ಇಂಥ ಸೇವೆ ಎಡವಿದಲ್ಲೆಲ್ಲ ಅದು ದಯೆಯ ಕೊರತೆಯಿಂದ ಎಡವಿದ್ದಲ್ಲ.

ಭಾರತೀಯರ ಮಟ್ಟಿಗೆ ಈ ಕಥೆಯನ್ನು ದಕ್ಷಿಣ ಆಫ್ರಿಕದ ಡರ್ಬನ್ ನಗರದಿಂದ ಆರಂಭಿಸಬಹುದು. 1890ರ ದಶಕದಲ್ಲಿ ಅಲ್ಲಿ ವಕೀಲರಾಗಿದ್ದ ಮೋಹನದಾಸ ಗಾಂಧಿಯವರ ಮನೆಬಾಗಿಲಿಗೆ ಒಂದು ದಿನ ಕುಷ್ಠರೋಗಿಯೊಬ್ಬ ಬಂದ. ಗಾಂಧಿಯವರು ಅವನಿಗೆ ಆಶ್ರಯವಿತ್ತು, ಹುಣ್ಣುಗಳನ್ನು ತೊಳೆದು ಕಟ್ಟಿ, ಕೆಲಕಾಲ ನೋಡಿಕೊಂಡು, ಬಳಿಕ ಸರಕಾರಿ ಆಸ್ಪತ್ರೆಗೆ ಕಳುಹಿಸಿದರು. ಅಷ್ಟರಿಂದ ಅವರ ಮನಸ್ಸಿಗೆ ಸಮಾಧಾನವಾಗಲಿಲ್ಲ. ನಿತ್ಯವೂ ಮಾಡಬಹುದಾದ ಸೇವೆಯೊಂದು ಬೇಕೆನ್ನಿಸಿತು. ಸೇಂಟ್ ಐಡನ್ಸ್ ಮಿಷನ್ನಿನ ಮುಖ್ಯಸ್ಥರಾಗಿದ್ದ ಡಾ. ಬೂತ್ ಎಂಬವರು ರೋಗಿಗಳನ್ನು ಹಣವಿಲ್ಲದೆ ನೋಡುತ್ತಿದ್ದರು. ಪಾರಸಿ ರುಸ್ತುಂಜಿಯವರ ದಾನದಿಂದ ಅವರ ಮೇಲ್ವಿಚಾರಣೆಯಲ್ಲಿ ಒಂದು ಸಣ್ಣ ಧರ್ಮಾಸ್ಪತ್ರೆ ತೆರೆಯಿತು. ಗಾಂಧಿಯವರು ಕಚೇರಿಯ ಕೆಲಸದಲ್ಲಿ ಬಿಡುವು ಮಾಡಿಕೊಂಡು ದಿನಕ್ಕೆ ಒಂದೆರಡು ಗಂಟೆ ಅಲ್ಲಿ ಕಂಪೌಂಡರರಾಗಿ ನಿಂತರು. ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಂತೆ ಕೆಲಸ ಇಷ್ಟೇ: ರೋಗಿಯ ತೊಂದರೆಯನ್ನು ಕೇಳಿ ತಿಳಿಯುವುದು, ಅದನ್ನು ವೈದ್ಯರ ಮುಂದಿಡುವುದು, ಅವರು ಬರೆದುಕೊಟ್ಟ ಔಷಧವನ್ನು ಕೊಡುವುದು. 1899ರಲ್ಲಿ ಬೋಯರ್ ಯುದ್ಧ ಆರಂಭವಾದಾಗ ಸುಮಾರು 1,100 ಮಂದಿಯ ಭಾರತೀಯ ಶುಶ್ರೂಷಾ ದಳವನ್ನು ಕಟ್ಟಲು ಈ ಅನುಭವ ನೆರವಾಯಿತು. ದಳಕ್ಕೆ ಶಿಕ್ಷಣ ಕೊಟ್ಟವರೂ ಡಾ. ಬೂತ್ ಅವರೇ.

ಇದೇ ದಶಕದಲ್ಲಿ ಗಾಂಧಿಯವರು ತಮ್ಮ ಧಾರ್ಮಿಕ ಸಂದೇಹಗಳನ್ನು ಶ್ರೀಮದ್ ರಾಜಚಂದ್ರರಿಗೆ ಪತ್ರದಲ್ಲಿ ಬರೆದು ಉತ್ತರ ಪಡೆದಿದ್ದರೆಂಬುದು ಜೈನ ಓದುಗರಿಗೆ ಗೊತ್ತಿರುವ ಸಂಗತಿ. ಆ ಪತ್ರಗಳಿಗೂ ಔಷಧಾಲಯದ ಆ ಎರಡು ಗಂಟೆಗಳಿಗೂ ನೇರವಾದ ಗಂಟು ಹಾಕುವುದು ಅತ್ಯುತ್ಸಾಹವಾದೀತು. ಗಮನಿಸಬೇಕಾದುದು ಬೇರೆ ಇದೆ. ಆ ಮೂರು ಕೆಲಸಗಳಲ್ಲಿ ತೀರ್ಮಾನ ಎಂಬುದು ಎಲ್ಲಿಯೂ ಇಲ್ಲ. ರೋಗ ಯಾವುದು, ಮದ್ದು ಏನು ಎಂಬುದನ್ನು ಹೇಳುವವರು ವೈದ್ಯರು. ಸ್ವಯಂಸೇವಕನು ಕಿವಿಯಾಗುತ್ತಾನೆ, ಕೈಯಾಗುತ್ತಾನೆ. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳು ಕಳೆದರೂ ಚಿಕಿತ್ಸಾಲಯದ ಸ್ವಯಂಸೇವಕನ ಕರ್ತವ್ಯಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ದೊರೆಯುವುದು ಕಷ್ಟ.

ಸ್ವತಂತ್ರ ಭಾರತದಲ್ಲಿ ವಿದ್ಯಾರ್ಥಿಸೇವೆಯ ವಿಚಾರ ಮೊದಲು ಬಂದುದು ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿ (1948-49). ಅದು ಸೇವೆ ಸ್ವಇಚ್ಛೆಯದಾಗಿರಲಿ ಎಂದಿತು. ಮುಂದಿನ ಇಪ್ಪತ್ತು ವರ್ಷ ಈ ಒಂದು ಪದದ ಸುತ್ತಲೇ ಚರ್ಚೆ ತಿರುಗಿತು. 1958ರಲ್ಲಿ ಪ್ರಧಾನಿ ನೆಹರೂ ಅವರು, ಪದವಿ ಪಡೆಯುವ ಮುನ್ನ ಸಮಾಜಸೇವೆ ಅಗತ್ಯವೆಂದು ವಿಧಿಸಬಹುದೇ ಎಂಬ ಆಲೋಚನೆಯನ್ನು ಮುಖ್ಯಮಂತ್ರಿಗಳ ಮುಂದಿಟ್ಟರು. ಮರುವರ್ಷ ನೇಮಕವಾದ ಸಿ. ಡಿ. ದೇಶಮುಖ್ ಸಮಿತಿ ಪ್ರೌಢಶಾಲೆ ಮುಗಿಸಿ ಕಾಲೇಜು ಸೇರಬಯಸುವವರೆಲ್ಲರಿಗೂ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ಕಡ್ಡಾಯ ಸೇವೆ ಇರಲೆಂದು ಶಿಫಾರಸು ಮಾಡಿತು. ಅದಕ್ಕೆ ತಗಲುವ ವೆಚ್ಚವನ್ನು ಕಂಡೇ ಸರಕಾರ ಹಿಂಜರಿಯಿತು. ಅನಂತರ ಕೆ. ಜಿ. ಸೈಯಿದೈನ್ ಅವರು ಹಲವು ದೇಶಗಳ ಪದ್ಧತಿಗಳನ್ನು ಪರಿಶೀಲಿಸಿ, ಸಾಧ್ಯವಾದಷ್ಟೂ ಇದು ಸ್ವಂತ ಇಚ್ಛೆಯಿಂದಲೇ ನಡೆಯಲಿ ಎಂದು ಸಲಹೆಯಿತ್ತರು.

1964ರಲ್ಲಿ ನೇಮಕವಾಗಿ 1966ರಲ್ಲಿ ವರದಿ ಕೊಟ್ಟ ಶಿಕ್ಷಣ ಆಯೋಗದ ಅಧ್ಯಕ್ಷರು ಡಾ. ದೌಲತ್ ಸಿಂಗ್ ಕೊಠಾರಿಯವರು. ಉದಯಪುರದ ಜೈನ ಮನೆತನದಲ್ಲಿ 1906ರಲ್ಲಿ ಹುಟ್ಟಿದ ಅವರು ಭೌತವಿಜ್ಞಾನಿ. ದೇಶದ ರಕ್ಷಣಾ ಸಚಿವಾಲಯಕ್ಕೆ ವೈಜ್ಞಾನಿಕ ಸಲಹೆಗಾರರಾಗಿದ್ದುಕೊಂಡೇ ಅಣುಸ್ಫೋಟದ ಪರಿಣಾಮಗಳ ಬಗೆಗೆ ಜಗತ್ತನ್ನು ಎಚ್ಚರಿಸುವ ಗ್ರಂಥವನ್ನು ಸಿದ್ಧಪಡಿಸಿದವರು. ಅನೇಕಾಂತವಾದಕ್ಕೂ ಆಧುನಿಕ ಭೌತವಿಜ್ಞಾನದ ಪೂರಕತ್ವ ತತ್ತ್ವಕ್ಕೂ ಇರುವ ಸಾಮ್ಯವನ್ನು ಕುರಿತು ಬರೆದವರು. ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ವಿದ್ಯಾರ್ಥಿಗಳು ಯಾವುದಾದರೊಂದು ಬಗೆಯ ಸಮಾಜಸೇವೆಯಲ್ಲಿ ತೊಡಗಬೇಕೆಂದು ಅವರ ಆಯೋಗ ಹೇಳಿತು. ಸೇವೆ ಓದಿನ ಹೊರಗಿನದಲ್ಲ, ಅದರ ಅಂಗ ಎಂಬ ಭಾವನೆ ಅದರಲ್ಲಿದೆ.

ಇಷ್ಟೆಲ್ಲ ಚರ್ಚೆಯ ಫಲವಾಗಿ, ಗಾಂಧಿ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಅದನ್ನು ಆರಂಭಿಸಿದ ಕೇಂದ್ರ ಶಿಕ್ಷಣ ಸಚಿವ ಡಾ. ವಿ. ಕೆ. ಆರ್. ವಿ. ರಾವ್ ಅವರು ಆಗ ಬಳ್ಳಾರಿಯಿಂದ ಆರಿಸಿ ಬಂದ ಲೋಕಸಭಾ ಸದಸ್ಯರು. 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರೂ ಅವರೇ. ಯೋಜನೆಯ ಧ್ಯೇಯವಾಕ್ಯ ‘ನಾನಲ್ಲ, ನೀನು’ ಎಂಬ ಅರ್ಥದ್ದು. ಸೇರುವುದು ವಿದ್ಯಾರ್ಥಿಯ ಇಚ್ಛೆ. ಆದರೆ ಸೇರಿದ ಮೇಲೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಮತ್ತು ಒಂದು ವಿಶೇಷ ಶಿಬಿರ ಪೂರೈಸಬೇಕು, ಆಗ ಪ್ರಮಾಣಪತ್ರ. ಕಡ್ಡಾಯ ಮತ್ತು ಸ್ವಇಚ್ಛೆಗಳ ನಡುವೆ ಇಪ್ಪತ್ತು ವರ್ಷ ನಡೆದ ಜಗ್ಗಾಟ ಕೊನೆಗೆ ಗಂಟೆಯ ಲೆಕ್ಕದಲ್ಲಿ ರಾಜಿಯಾಯಿತೆನ್ನಬಹುದು.

ಗಂಟೆಯ ಲೆಕ್ಕ ಇಡುವುದರಲ್ಲಿ ದೋಷವಿಲ್ಲ. ಸಾಮಾಯಿಕಕ್ಕೂ ಕಾಲದ ನಿಯಮವಿದೆ. ಆದರೆ ಲೆಕ್ಕವೇ ಗುರಿಯಾದಾಗ ಏನಾಗುತ್ತದೆಂಬುದನ್ನು ಕಾಲೇಜಿನ ಆರೋಗ್ಯ ಕೇಂದ್ರದಲ್ಲಿ ಸ್ಪಷ್ಟವಾಗಿ ನೋಡಬಹುದು. ಗಿಡ ನೆಡುವ ದಿನ ನೂರು ಜನ ಸೇರುತ್ತಾರೆ, ಕೆಲಸವೂ ಕಣ್ಣಿಗೆ ಕಾಣುತ್ತದೆ, ಛಾಯಾಚಿತ್ರವೂ ಬರುತ್ತದೆ. ಆರೋಗ್ಯ ಕೇಂದ್ರದ ಕೆಲಸ ಆ ಬಗೆಯದಲ್ಲ. ಚೀಟಿ ಬರೆಯುವುದು, ತೂಕ ಮತ್ತು ಎತ್ತರ ಗುರುತಿಸುವುದು, ರಕ್ತದ ಗುಂಪಿನ ಪಟ್ಟಿಯನ್ನು ವರ್ಷವರ್ಷವೂ ಸರಿಪಡಿಸುವುದು, ವಸತಿನಿಲಯದಲ್ಲಿ ಜ್ವರ ಬಂದವನಿಗೆ ಗಂಜಿ ತಲುಪಿಸುವುದು, ಊರಿನ ದೊಡ್ಡ ಆಸ್ಪತ್ರೆಗೆ ಜತೆಗೆ ಹೋಗುವುದು, ಅವನ ಮನೆಯವರು ಬರುವ ತನಕ ಪಕ್ಕದಲ್ಲಿರುವುದು. ಇದರಲ್ಲಿ ಮುಕ್ಕಾಲು ಪಾಲು ಕಾಯುವುದೇ ಆಗಿದೆ. ಕ್ಷಯರೋಗದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1997ರಲ್ಲಿ ಆರಂಭವಾದ ಪರಿಷ್ಕೃತ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮದಲ್ಲಿ ರೋಗಿ ಮಾತ್ರೆ ನುಂಗುವುದನ್ನು ಜವಾಬ್ದಾರಿಯುಳ್ಳ ಇನ್ನೊಬ್ಬರು ಕಣ್ಣಾರೆ ನೋಡಬೇಕೆಂಬ ಪದ್ಧತಿ ಬಂತು. ಆ ಇನ್ನೊಬ್ಬರು ವೈದ್ಯರೇ ಆಗಬೇಕಿರಲಿಲ್ಲ. ಚಿಕಿತ್ಸೆ ಕಡಿಮೆಯೆಂದರೂ ಆರು ತಿಂಗಳು. ಎರಡನೆಯ ತಿಂಗಳ ಹೊತ್ತಿಗೆ ಕೆಮ್ಮು ನಿಂತು ರೋಗಿಗೆ ಗುಣವಾದಂತೆ ತೋರುತ್ತದೆ, ಮಾತ್ರೆ ಬಿಡುವ ಮನಸ್ಸಾಗುತ್ತದೆ, ಬಿಟ್ಟರೆ ಮದ್ದಿಗೆ ಬಗ್ಗದ ಕ್ಷಯ ತಲೆಯೆತ್ತುತ್ತದೆ. ಆ ನಾಲ್ಕು ತಿಂಗಳು ದಿನವೂ ನೆನಪಿಸುವ ಸಹಪಾಠಿಯ ಗಂಟೆಗಳನ್ನು ಕೂಡಿಸಿದರೆ ಎಷ್ಟಾದೀತು? ದಿನಕ್ಕೆ ಐದು ನಿಮಿಷದಂತೆ ಹತ್ತು ಗಂಟೆ! ಶಿಬಿರದ ಒಂದೇ ದಿನದಲ್ಲಿ ಅಷ್ಟು ಗಂಟೆ ಸಿಗುತ್ತದೆ.

ಆದಕಾರಣ ಹಾಜರಿ ಪುಸ್ತಕದಲ್ಲಿ ಬಾರದ ದಿನವನ್ನೂ ಬಂದಂತೆ ಬರೆಯುವ ಆಶೆ ಹುಟ್ಟುತ್ತದೆ. ವಿದ್ಯಾರ್ಥಿ ಬರೆಯುತ್ತಾನೆ, ಮೇಲಿನವರು ಕಂಡೂ ಕಾಣದಂತೆ ಸಹಿ ಮಾಡುತ್ತಾರೆ. ಜೈನಾಚಾರದಲ್ಲಿ ಇದಕ್ಕೆ ಹೆಸರಿದೆ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು. ಎಂದರೆ ಸುಳ್ಳು ಬರಹ. ಉಳಿದವುಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ ಮತ್ತು ಸಾಕಾರಮಂತ್ರಭೇದಗಳನ್ನು ಇಲ್ಲಿ ನೆನೆಯಬೇಕು. ತಪ್ಪು ಉಪದೇಶ ಕೊಡುವುದು, ಗುಟ್ಟನ್ನು ಹೊರಗೆಡಹುವುದು, ಮುಖಭಾವ ಚೇಷ್ಟೆಗಳಿಂದ ಇನ್ನೊಬ್ಬರ ಒಳಗನ್ನು ಊಹಿಸಿ ಹರಡುವುದು. ಮಿಥ್ಯೋಪದೇಶವನ್ನು ಟೀಕಾಕಾರರು ಮೋಕ್ಷಮಾರ್ಗದ ಸಂದರ್ಭದಲ್ಲಿ ವಿವರಿಸಿದ್ದಾರೆ. ವೈದ್ಯರಿಲ್ಲದ ಹೊತ್ತಿನಲ್ಲಿ ಪೆಟ್ಟಿಗೆ ತೆರೆದು ‘ಹೋದ ಸಲ ನನಗೆ ಇದರಿಂದಲೇ ಗುಣವಾಯಿತು’ ಎಂದು ಮಾತ್ರೆ ಕೊಡುವ ಸ್ವಯಂಸೇವಕನಿಗೂ ಆ ಪದವನ್ನು ಅನ್ವಯಿಸಿದರೆ ಅಪಚಾರವಾಗದು. ರೋಗಿಯ ಶುಶ್ರೂಷೆಯನ್ನು ಎಲ್ಲರೂ ಅಹಿಂಸೆಯ ಕಡೆಯಿಂದಲೇ ನೋಡುತ್ತಾರೆ. ಕಾಲೇಜಿನ ಚಿಕಿತ್ಸಾಲಯದಲ್ಲಿ ವಿದ್ಯಾರ್ಥಿಗೆ ಒದಗುವ ಪರೀಕ್ಷೆ ಬಹುಪಾಲು ಎರಡನೆಯ ಅಣುವ್ರತದ್ದು.

ಅದೇ 1969ರಲ್ಲಿ ಇನ್ನೊಂದು ಪ್ರಯೋಗವೂ ಆರಂಭವಾಯಿತು. ವರ್ಧಾದ ಬಳಿಯ ಸೇವಾಗ್ರಾಮದಲ್ಲಿ ಗಾಂಧಿಯವರು 1936ರಿಂದ ನೆಲೆಸಿದ್ದರು. ಕುಷ್ಠರೋಗ ತಗಲಿದ್ದ ಸಂಸ್ಕೃತ ವಿದ್ವಾಂಸ ಪರಚುರೆ ಶಾಸ್ತ್ರಿಗಳನ್ನು ಆಶ್ರಮದಲ್ಲಿಟ್ಟುಕೊಂಡು ತಾವೇ ಉಪಚರಿಸಿದ್ದರು. ಅವರ ವೈದ್ಯೆಯಾಗಿದ್ದ ಡಾ. ಸುಶೀಲಾ ನಯ್ಯರ್ ಕಟ್ಟಿದ ಕಸ್ತೂರ್ಬಾ ಆಸ್ಪತ್ರೆ ಅಲ್ಲಿತ್ತು. ಶತಾಬ್ದಿಯ ವರ್ಷದಲ್ಲಿ ಅದರ ಜತೆಗೆ ಮಹಾತ್ಮಾ ಗಾಂಧಿ ವೈದ್ಯವಿಜ್ಞಾನ ಸಂಸ್ಥೆ ಎಂಬ ವೈದ್ಯಕೀಯ ಕಾಲೇಜು ತೆರೆಯಿತು. ಅಲ್ಲಿ ಸೇರಿದ ವಿದ್ಯಾರ್ಥಿ ಮೊದಲ ಹದಿನೈದು ದಿನ ಗಾಂಧಿ ಆಶ್ರಮದಲ್ಲಿಯೇ ಇರಬೇಕು, ಖಾದಿ ಉಡಬೇಕು, ಶ್ರಮದಾನ ಮಾಡಬೇಕು. ಪ್ರತಿ ವರ್ಷದ ತಂಡಕ್ಕೂ ಒಂದೊಂದು ಹಳ್ಳಿ. ಹಳ್ಳಿಯಲ್ಲಿ ಒಬ್ಬೊಬ್ಬ ವಿದ್ಯಾರ್ಥಿಗೂ ಕೆಲವು ಮನೆಗಳು. ಹದಿನೈದು ದಿನ ಅಲ್ಲಿಯೇ ಉಳಿದು, ಆಮೇಲೆಯೂ ಮತ್ತೆ ಮತ್ತೆ ಹೋಗಿ ಆ ಮನೆಗಳವರ ಆರೋಗ್ಯವನ್ನು ವಿಚಾರಿಸಬೇಕು.

ಇದು ಸ್ವಇಚ್ಛೆಯ ಸೇವೆಯಲ್ಲ, ಕಡ್ಡಾಯದ್ದೇ. ಆದರೂ ಇಲ್ಲಿ ಸುಳ್ಳು ಬರಹಕ್ಕೆ ಅವಕಾಶ ಕಡಿಮೆ, ಏಕೆಂದರೆ ಇಲ್ಲಿರುವುದು ಗಂಟೆಗಿಂತ ಮನೆಗಳ ಲೆಕ್ಕ. ‘ನಮ್ಮ ಡಾಕ್ಟರು ಈ ತಿಂಗಳು ಬರಲಿಲ್ಲ’ ಎಂದು ಹೇಳಲು ಆ ಮನೆಯಲ್ಲಿ ಒಬ್ಬ ಅಜ್ಜಿ ಇರುತ್ತಾಳೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ಕುಟುಂಬ ದತ್ತು ಕಾರ್ಯಕ್ರಮವನ್ನು ದೇಶದ ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳ ಪಠ್ಯಕ್ರಮಕ್ಕೆ ಸೇರಿಸಿತು. ಸೇವಾಗ್ರಾಮ ಅರ್ಧ ಶತಮಾನಕ್ಕೂ ಹಿಂದೆ ಹಿಡಿದಿದ್ದ ದಾರಿ ಅದು. ಕಡ್ಡಾಯವೋ ಸ್ವಇಚ್ಛೆಯೋ ಎಂದು ದೆಹಲಿಯಲ್ಲಿ ಇಪ್ಪತ್ತು ವರ್ಷ ನಡೆದ ಚರ್ಚೆಗಿಂತ, ವಿದ್ಯಾರ್ಥಿ ಯಾರಿಗೆ ಉತ್ತರ ಹೇಳಬೇಕು ಎಂಬುದು ದೊಡ್ಡ ಪ್ರಶ್ನೆಯೆಂದು ಸೇವಾಗ್ರಾಮದ ಉದಾಹರಣೆಯಿಂದ ತೋರುತ್ತದೆ.

ಗುಟ್ಟಿನ ವಿಷಯಕ್ಕೆ ಬಂದರೆ, ಅದನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿದ ವಿದ್ಯಾರ್ಥಿಸೇವೆ ಹುಟ್ಟಿದುದು ದೂರದ ಇಂಗ್ಲೆಂಡಿನಲ್ಲಿ. 1970ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ‘ನೈಟ್‌ಲೈನ್’ ಎಂಬ ಏರ್ಪಾಡು ಆರಂಭವಾಗಿ, ಮುಂದೆ ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಿಗೆ ಹರಡಿತು. ವೈದ್ಯರೂ ಅಧ್ಯಾಪಕರೂ ಮನೆಗೆ ಹೋದ ಮೇಲೆ, ರಾತ್ರಿಯ ಹೊತ್ತು, ದುಃಖದಲ್ಲಿ ಅಥವಾ ಭಯದಲ್ಲಿ ಇರುವ ವಿದ್ಯಾರ್ಥಿ ದೂರವಾಣಿಯಲ್ಲಿ ಮಾತನಾಡಲು ಇನ್ನೊಬ್ಬ ವಿದ್ಯಾರ್ಥಿ ಎಚ್ಚರವಾಗಿರುತ್ತಾನೆ. ಕರೆದವರು ಹೆಸರು ಹೇಳಬೇಕಾಗಿಲ್ಲ. ಕೇಳಿಸಿಕೊಳ್ಳುವವನು ಬುದ್ಧಿ ಹೇಳುವುದಿಲ್ಲ, ತೀರ್ಪು ಕೊಡುವುದಿಲ್ಲ, ದಾರಿ ತೋರಿಸಲೂ ಹೋಗುವುದಿಲ್ಲ. ಕೇಳಿಸಿಕೊಳ್ಳುವುದಕ್ಕಾಗಿಯೇ ಅವನಿಗೆ ತರಬೇತಿ ಕೊಟ್ಟಿರುತ್ತಾರೆ. ಇನ್ನೂ ವಿಶೇಷವೆಂದರೆ ಸ್ವಯಂಸೇವಕರು ತಾವು ಆ ಕೆಲಸದಲ್ಲಿರುವುದನ್ನು ಸಾಮಾನ್ಯವಾಗಿ ಸಹಪಾಠಿಗಳಿಗೂ ತಿಳಿಸುವುದಿಲ್ಲ. ಕೊಟ್ಟವರ ಹೆಸರಿಲ್ಲ, ಪಡೆದವರ ಹೆಸರೂ ಇಲ್ಲ! ಇದನ್ನು ಏರ್ಪಡಿಸಿದವರಿಗೆ ಚತುರ್ವಿಧ ದಾನದ ಪರಿಚಯವಿದ್ದಿರಲಾರದು. ಇದ್ದಿದ್ದರೆ ಇದನ್ನು ಔಷಧದಾನಕ್ಕಿಂತ ಅಭಯದಾನದ ಪಟ್ಟಿಯಲ್ಲಿ ಸೇರಿಸುತ್ತಿದ್ದರೇನೋ.

ಸಣ್ಣ ಊರಿನ ಕಾಲೇಜಿನಲ್ಲಿ ಗುಟ್ಟು ನಿಲ್ಲುವುದು ಕಷ್ಟ. ಎಲ್ಲರೂ ಎಲ್ಲರನ್ನೂ ಬಲ್ಲರು. ಹುಡುಗಿಯೊಬ್ಬಳು ಮೂರು ದಿನ ಆರೋಗ್ಯ ಕೇಂದ್ರಕ್ಕೆ ಬಂದಳೆಂಬ ಸುದ್ದಿ ನಾಲ್ಕನೆಯ ದಿನ ಅವಳ ಊರು ಮುಟ್ಟುತ್ತದೆ. ಅವಳಿಗೆ ಬಂದದ್ದು ರಕ್ತಹೀನತೆ ಇರಬಹುದು, ಊರಿನವರು ಕಟ್ಟುವ ಕಥೆ ಬೇರೆ. ವಿವಾಹದ ಮಾತುಕತೆ ಮುರಿಯಲು ಅಷ್ಟು ಸಾಕು. ಸಾಕಾರಮಂತ್ರಭೇದವೆಂಬ ಪದಕ್ಕೆ ಇದಕ್ಕಿಂತ ಬೇರೆ ವ್ಯಾಖ್ಯಾನ ಬೇಕೇ? ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಎರಡನ್ನು ಇಂಥ ಕೇಂದ್ರದ ಸ್ವಯಂಸೇವಕನಿಗೆ ಮೊದಲ ದಿನವೇ ಹೇಳಿಕೊಡಬಹುದು. ನಿರ್ವಿಚಿಕಿತ್ಸೆ ಒಂದು: ಮುನಿಯ ವಾಂತಿಯನ್ನು ಹೇಸದೆ ತೊಳೆದ ಉದ್ದಾಯನ ಮಹಾರಾಜನ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ಉಪಗೂಹನ ಇನ್ನೊಂದು: ಪರರ ಕುಂದನ್ನು ಮುಚ್ಚುವುದು. ಮೊದಲನೆಯದನ್ನು ಮೆಚ್ಚುವವರು ಬಹಳ, ಎರಡನೆಯದು ಹೊರಗೆ ಕಾಣುವಂಥದಲ್ಲ. ದೇಶದ ಕಾನೂನೂ ಈಗ ಇದನ್ನು ಹೇಳುತ್ತದೆ. 2017ರಲ್ಲಿ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕುರಿತ ಕಾಯಿದೆ ಹಾಗೂ ಮಾನಸಿಕ ಆರೋಗ್ಯ ಕಾಯಿದೆಗಳೆರಡೂ ರೋಗಿಯ ವಿವರವನ್ನು ಗುಟ್ಟಾಗಿಡುವುದನ್ನು ಕರ್ತವ್ಯವಾಗಿ ವಿಧಿಸಿವೆ.

ವಿದ್ಯಾರ್ಥಿ ಸ್ವಯಂಸೇವಕರ ಮೌಲ್ಯ ದೇಶಕ್ಕೆ ಕಣ್ಣಿಗೆ ಕಟ್ಟುವಂತೆ ತಿಳಿದುದು ರಕ್ತದಾನದಲ್ಲಿ. ಹಣಕ್ಕಾಗಿ ರಕ್ತ ಮಾರುವವರ ಪದ್ಧತಿಯನ್ನು ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 1996ರ ಜನವರಿಯಲ್ಲಿ ತೀರ್ಪಿತ್ತಿತು. 1998ರ ಜನವರಿ 1ರಿಂದ ಅದು ಜಾರಿಗೆ ಬಂತು. ಆ ಕೊರತೆಯನ್ನು ತುಂಬಲು ಮುಂದೆ ಬಂದವರಲ್ಲಿ ಕಾಲೇಜುಗಳ ಸೇವಾ ಘಟಕಗಳು ಪ್ರಮುಖವಾಗಿದ್ದವು. ಇಲ್ಲಿಯೂ ಕೆಲಸದ ತಿರುಳು ಶಿಬಿರದ ದಿನಕ್ಕಿಂತ ಆರೋಗ್ಯ ಕೇಂದ್ರದ ಪಟ್ಟಿಯಲ್ಲಿದೆ. ಹದಿನೆಂಟು ತುಂಬಿದವರು ಯಾರು, ತೂಕ 45 ಕಿಲೋ ಇದೆಯೇ, ಹಿಂದಿನ ಸಲ ಕೊಟ್ಟು ಹುಡುಗರಿಗೆ ಮೂರು ತಿಂಗಳು, ಹುಡುಗಿಯರಿಗೆ ನಾಲ್ಕು ತಿಂಗಳಾಯಿತೇ ಎಂಬ ಲೆಕ್ಕವನ್ನು ಪ್ರಾಮಾಣಿಕವಾಗಿ ಇಟ್ಟಿದ್ದರೆ, ನಡುರಾತ್ರಿ ಹೆರಿಗೆ ಆಸ್ಪತ್ರೆಯಿಂದ ಕರೆ ಬಂದಾಗ ಪಟ್ಟಿ ತೆರೆದರೆ ಸಾಕು. ಲೆಕ್ಕ ಸುಳ್ಳಾಗಿದ್ದರೆ ಅಷ್ಟು ಹೊತ್ತಿನಲ್ಲಿ ಹುಡುಕುವುದು ಯಾರನ್ನು?

ಕರ್ನಾಟಕದ ಜೈನ ಸಮಾಜಕ್ಕೆ ಇದು ಹೊರಗಿನ ವಿಷಯವಲ್ಲ. ಅನ್ನ, ಔಷಧ, ವಿದ್ಯೆ, ಅಭಯಗಳೆಂಬ ನಾಲ್ಕು ದಾನಗಳಿಗೆ ಹೆಸರಾದ ಧರ್ಮಸ್ಥಳ ಕ್ಷೇತ್ರದ ಆಶ್ರಯದಲ್ಲಿ ಉಜಿರೆಯ ಕಾಲೇಜು 1966ರಲ್ಲಿಯೂ, ಧಾರವಾಡದ ದಂತವೈದ್ಯಕೀಯ ಕಾಲೇಜು 1986ರಲ್ಲಿಯೂ, ವೈದ್ಯಕೀಯ ಕಾಲೇಜು 2003ರಲ್ಲಿಯೂ ಆರಂಭವಾದವು. ಔಷಧದಾನವೂ ಶಾಸ್ತ್ರದಾನವೂ ಒಂದೇ ಆವರಣದಲ್ಲಿ ಸೇರಿದಾಗ ಶೈಕ್ಷ್ಯ ಮತ್ತು ಗ್ಲಾನರು ಮತ್ತೆ ಅಕ್ಕಪಕ್ಕಕ್ಕೆ ಬರುತ್ತಾರೆ. ಅಷ್ಟು ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ಮೂವತ್ತು ನಲವತ್ತು ಹುಡುಗರಿರುವ ಒಂದು ಬೋರ್ಡಿಂಗ್, ವಾರಕ್ಕೆರಡು ಸಂಜೆ ಬರಲೊಪ್ಪಿದ ಒಬ್ಬ ವೈದ್ಯ, ಕಿಟಕಿಯುಳ್ಳ ಒಂದು ಕೋಣೆ ಇದ್ದರೆ ಕೆಲಸ ಆರಂಭಿಸಬಹುದು.

ಆದರೆ ಆರಂಭಿಸುವ ಟ್ರಸ್ಟಿಗೂ ವ್ರತವುಂಟು. ದಾನದ ವಿಶೇಷತೆ ವಿಧಿ, ದ್ರವ್ಯ, ದಾತೃ, ಪಾತ್ರಗಳೆಂಬ ನಾಲ್ಕರಿಂದ ಬರುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ. ಟ್ರಸ್ಟುಗಳ ಸಭೆಗಳಲ್ಲಿ ಚರ್ಚೆ ಸಾಮಾನ್ಯವಾಗಿ ದ್ರವ್ಯದಲ್ಲಿ ತೊಡಗಿ ದ್ರವ್ಯದಲ್ಲಿಯೇ ಮುಗಿಯುತ್ತದೆ. ಮಂಚ ಯಾರು ಕೊಟ್ಟರು, ಅಮೃತಶಿಲೆಯ ಫಲಕದಲ್ಲಿ ಯಾರ ಹೆಸರು ಮೇಲಿರಬೇಕು ಎಂಬುದು ತೀರ್ಮಾನವಾದಷ್ಟು ಬೇಗ, ಔಷಧದ ಬೀರುವಿನ ಬೀಗದ ಕೈ ಯಾರ ಬಳಿ ಇರಬೇಕೆಂಬುದು ತೀರ್ಮಾನವಾಗುವುದಿಲ್ಲ. ಅದು ವೈದ್ಯರ ಅಥವಾ ತರಬೇತಿ ಪಡೆದ ದಾದಿಯ ಬಳಿ ಇರಬೇಕು. ರೋಗಿಗಳ ಪುಸ್ತಕವೂ ಅಲ್ಲಿಯೇ ಇರಬೇಕು. ವಾರ್ಡನ್ ಕೇಳಿದರೂ, ಟ್ರಸ್ಟಿನ ಅಧ್ಯಕ್ಷರು ಕೇಳಿದರೂ ಅದು ಹೊರಗೆ ಬರಕೂಡದು. ಹೀಗೆಂದರೆ ಹಿರಿಯರಿಗೆ ಬೇಸರವಾಗಬಹುದು. ಬೇಸರವಾದರೂ ಮೊದಲ ಸಭೆಯಲ್ಲಿಯೇ ಇದನ್ನು ಬರೆದುಕೊಳ್ಳುವುದು ಲೇಸು.

ಸೇವೆ ಮಾಡುವ ಹುಡುಗನ ದೇಹವೂ ದೇಹವೇ ಎಂಬುದನ್ನು ಉತ್ಸಾಹದಲ್ಲಿ ಮರೆಯುವುದುಂಟು. ರಕ್ತ, ಸೂಜಿಗಳ ಹತ್ತಿರ ನಿಲ್ಲುವವರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳು ಆರು ತಿಂಗಳಲ್ಲಿ ಪೂರ್ಣಗೊಳ್ಳಬೇಕು. ಅದರ ಖರ್ಚು ಟ್ರಸ್ಟಿನದು, ಹುಡುಗನ ತಂದೆಯದಲ್ಲ. ಕೆಮ್ಮುವ ರೋಗಿಯ ಬಳಿ ಮುಖಕ್ಕೆ ಮಾಸ್ಕ್, ಪ್ರತಿ ರೋಗಿಯ ಅನಂತರ ಸಾಬೂನಿನಿಂದ ಕೈತೊಳೆಯುವುದು, ಪರೀಕ್ಷೆಯ ತಿಂಗಳಲ್ಲಿ ಸರದಿಯಿಂದ ಬಿಡುವು - ಇಷ್ಟನ್ನು ಏರ್ಪಡಿಸದೆ ಹುಡುಗರನ್ನು ಸೇವೆಗೆ ಕರೆಯುವುದು ಪ್ರಮತ್ತಯೋಗವೇ ಸರಿ. ಹಾಜರಿ ಪುಸ್ತಕ ಇಡುವುದಾದರೆ ಗಂಟೆಗಳ ಜತೆಗೆ ಇನ್ನೊಂದು ಕಲಮು ಇರಲಿ: ಆ ದಿನ ಯಾರೂ ಬರಲಿಲ್ಲವೆಂದು ಬರೆಯಲು. ಅದನ್ನು ಬರೆದ ವಿದ್ಯಾರ್ಥಿಗೆ ಗಂಟೆ ಕಡಿತವಾಗಬಾರದು.